‘ದಿ ಡೈ ಈಸ್ ಕಾಸ್ಟ್’ ಅಂದರೇನು? ವಿಧಿಯ ಬಗೆಗಿನ ಒಂದು ಇಂಗ್ಲಿಷ್ ನುಡಿಗಟ್ಟು, ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪಿಯುಸಿ ಮತ್ತು ಪದವಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಜಗಳೂರು, ಹೊನ್ನಾಳಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಬರುವ ಇವರಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ವಿಧಿ, ಅದೃಷ್ಟದ ಮೇಲಿನ ನುಡಿಗಟ್ಟುಗಳ ಪಾಠ ಬಂದಾಗ ಅತಿ ಹೆಚ್ಚು ಕೈಗಳು ಮೇಲೇಳುವುದು ಈ ನಾಲ್ಕು ಪದಗಳ ಮಾತಿಗೆ. ಅವರು ಕೇಳಿದ ಪ್ರಶ್ನೆಗಳು, ನಾನು ಕೊಡುವ ಉತ್ತರಗಳು ಇಲ್ಲಿವೆ.

ಒಂದೇ ವಾಕ್ಯದಲ್ಲಿ ಅರ್ಥ ಹೇಳಿ ಸರ್.

ಮಾಡುವ ತೀರ್ಮಾನ ಮಾಡಿಯಾಗಿದೆ, ಇಡುವ ಹೆಜ್ಜೆ ಇಟ್ಟಾಗಿದೆ, ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಮುಂದೆ ಬಂದದ್ದನ್ನು ಎದುರಿಸಬೇಕು. ಪದಕ್ಕೆ ಪದ ನೋಡಿದರೆ ‘ದಾಳ ಎಸೆದಾಗಿದೆ’.

ಹಾಗಾದರೆ ‘ಎಲ್ಲಾ ಹಣೆಬರಹ’ ಅಂತ ಬರೆದರೆ ಸರಿಯಾ?

ಇಲ್ಲ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವುದು ಈ ಜಾಗದಲ್ಲಿ. ಹಣೆಬರಹ ನಾವು ಹುಟ್ಟುವ ಮೊದಲೇ ಯಾರೋ ಬರೆದಿಟ್ಟದ್ದು ಎಂಬ ನಂಬಿಕೆ. ಅದರಲ್ಲಿ ನಮ್ಮ ಕೈವಾಡ ಏನೂ ಇಲ್ಲ. ಈ ಇಂಗ್ಲಿಷ್ ಮಾತಿನಲ್ಲಿ ಮೊದಲು ಕಾಣುವುದೇ ಒಂದು ಕೈ. ಆ ಕೈ ದಾಳವನ್ನು ಹಿಡಿದಿತ್ತು, ಎಸೆಯದೆ ಇರಬಹುದಿತ್ತು, ಆದರೂ ಎಸೆಯಿತು. ಎಸೆದ ಮೇಲೆ ಯಾವ ಮುಖ ಮೇಲೆ ಬೀಳುತ್ತದೆ ಎಂಬುದಷ್ಟೇ ವಿಧಿಯ ಪಾಲು.

ಮಳೆ ಬಾರದೆ ಬೆಳೆ ಒಣಗಿದರೆ ‘ದಿ ಡೈ ಈಸ್ ಕಾಸ್ಟ್’ ಅನ್ನುವಂತಿಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆಯೇ ಮುಂಗಡ ಬಿತ್ತಿ, ಗೊಬ್ಬರ ಹಾಕಿ, ಹೊಲದ ಬದುವಿನ ಮೇಲೆ ನಿಂತು ಆಕಾಶ ನೋಡುತ್ತಿರುವ ರೈತ ಈ ಮಾತನ್ನು ಆಡಬಹುದು. ಇಬ್ಬರಿಗೂ ಮಳೆ ಕೈಕೊಡಬಹುದು, ಆದರೆ ಎರಡನೆಯವನು ಒಂದು ಪಣ ಕಟ್ಟಿದ್ದಾನೆ.

‘ಡೈ’ ಅಂದರೆ ಸಾಯುವುದಲ್ಲವಾ? ‘ಕಾಸ್ಟ್’ ಅಂದರೆ ಜಾತಿಯಾ?

ಈ ಪ್ರಶ್ನೆ ಕೇಳಲು ಮಕ್ಕಳು ನಾಚುತ್ತಾರೆ, ನಾಚಬೇಕಿಲ್ಲ. ಶಾಲೆಯ ಅರ್ಜಿಯಿಂದ ಹಿಡಿದು ವಿದ್ಯಾರ್ಥಿವೇತನದವರೆಗೆ ‘ಕಾಸ್ಟ್’ ಎಂಬ ಉಚ್ಚಾರವನ್ನು ಜಾತಿ ಪ್ರಮಾಣಪತ್ರದ ಜೊತೆಗೇ ಕೇಳಿ ಬೆಳೆದವರಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಜಾತಿ ಎಂಬ ಇಂಗ್ಲಿಷ್ ಪದದ ಕೊನೆಗೆ ಇನ್ನೊಂದು ಅಕ್ಷರವಿದೆ, ಇಲ್ಲಿರುವುದಕ್ಕೆ ಅದಿಲ್ಲ. ಇಲ್ಲಿ ಅದರ ಅರ್ಥ ಎಸೆ, ಬೀಸು, ಹಾಕು. ಮತ ಚಲಾಯಿಸುವುದಕ್ಕೆ ‘ಕಾಸ್ಟ್ ಎ ವೋಟ್’ ಎನ್ನುತ್ತಾರಲ್ಲ, ಅದೇ ಪದ.

‘ಡೈ’ ಎಂದರೆ ಒಂದು ದಾಳ. ನಮಗೆಲ್ಲ ಗೊತ್ತಿರುವ ‘ಡೈಸ್’ ಇದರ ಬಹುವಚನ. ಈಗಿನ ಇಂಗ್ಲಿಷಿನಲ್ಲಿ ಒಂದು ದಾಳಕ್ಕೂ ‘ಡೈಸ್’ ಅನ್ನುವುದು ಬಳಕೆಯಲ್ಲಿದೆ, ಆದರೆ ಈ ನುಡಿಗಟ್ಟಿನಲ್ಲಿ ಹಳೆಯ ಏಕವಚನವೇ ಉಳಿದುಕೊಂಡಿದೆ.

ಡಿಪ್ಲೊಮಾ, ಐಟಿಐ ಹುಡುಗರಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ವರ್ಕ್‌ಶಾಪಿನಲ್ಲಿ ಕಾದ ಲೋಹವನ್ನು ಅಚ್ಚಿಗೆ ಹೊಯ್ಯುವ ‘ಡೈ ಕಾಸ್ಟಿಂಗ್’ ಇದೇನಾ ಎಂದು. ಲೋಹ ಗಟ್ಟಿಯಾದ ಮೇಲೆ ಆಕಾರ ಬದಲಿಸಲು ಆಗುವುದಿಲ್ಲವಾದ್ದರಿಂದ ಅವರ ಊಹೆ ತರ್ಕಕ್ಕೆ ಕೂರುತ್ತದೆ. ಆದರೆ ಮಾತು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಜೂಜಿನ ಹಾಸಿನ ಮೇಲೆ.

ಈ ಮಾತನ್ನು ಮೊದಲು ಹೇಳಿದವರು ಯಾರು?

ಹೆಸರು ಪಡೆದದ್ದು ರೋಮಿನ ಸೇನಾನಿ ಜೂಲಿಯಸ್ ಸೀಸರ್‌ನಿಂದ. ಕ್ರಿಸ್ತಪೂರ್ವ 49ರ ಜನವರಿ. ಸೀಸರ್ ಆಗ ಗಾಲ್ ಪ್ರಾಂತ್ಯದ ಅಧಿಪತಿ, ವರ್ಷಗಟ್ಟಲೆ ಯುದ್ಧ ಗೆದ್ದು ಬಂದಿದ್ದ. ರೋಮಿನ ಸೆನೆಟ್ ಅವನಿಗೆ ಸೈನ್ಯವನ್ನು ಬಿಟ್ಟುಕೊಡುವಂತೆ ಹೇಳಿತು. ಬಿಟ್ಟುಕೊಟ್ಟರೆ ವೈರಿಗಳ ಕೈಗೆ ಸಿಕ್ಕಂತೆ, ಬಿಡದಿದ್ದರೆ ರಾಜದ್ರೋಹ. ಅವನ ಪ್ರಾಂತ್ಯಕ್ಕೂ ಇಟಲಿಯ ಮೂಲ ನೆಲಕ್ಕೂ ನಡುವೆ ಗಡಿಯಾಗಿ ಹರಿಯುತ್ತಿದ್ದದ್ದು ರೂಬಿಕಾನ್ ಎಂಬ ಸಣ್ಣ ಹೊಳೆ. ಪ್ರಾಂತ್ಯದ ಅಧಿಪತಿ ಸೈನ್ಯ ಸಮೇತ ಆ ಹೊಳೆ ದಾಟಿ ಈಚೆ ಬರುವುದು ಕಾನೂನಿಗೆ ವಿರುದ್ಧ.

ಹೊಳೆಯೊಂದು ಆಡಳಿತದ ಗಡಿಯಾಗುವುದನ್ನು ನಮ್ಮ ಭಾಗದ ಹಿರಿಯರಿಗೆ ವಿವರಿಸಬೇಕಿಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ಹರಿಹರದ ತುಂಗಭದ್ರೆ ಅಂಥದೇ ಗಡಿ. ಈಚೆ ದಡ ಮೈಸೂರು, ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ. ನಮ್ಮ ಹೊಳೆಯ ಅಗಲದ ಮುಂದೆ ರೂಬಿಕಾನ್ ಒಂದು ಹಳ್ಳದಷ್ಟು. ಗಡಿಯಾದದ್ದರಿಂದಲೇ ಅದಕ್ಕೆ ಆ ತೂಕ.

ಸೀಸರ್ ಹದಿಮೂರನೇ ದಂಡಿನೊಂದಿಗೆ ಹೊಳೆಯ ದಡಕ್ಕೆ ಬಂದು ನಿಂತ. ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿರುವಂತೆ ಅವನು ಜೊತೆಗಾರರ ಕಡೆ ತಿರುಗಿ ಹೇಳಿದ್ದು ಹೀಗೆ: ಈಗಲೂ ನಾವು ಹಿಂದಿರುಗಬಹುದು, ಈ ಪುಟ್ಟ ಸೇತುವೆ ದಾಟಿದೆವೋ, ಮುಂದಿನದೆಲ್ಲ ಆಯುಧದಿಂದಲೇ ತೀರ್ಮಾನವಾಗಬೇಕು. ಆಮೇಲೆ ದಾಟಿದ. ದಾಟುವಾಗ ಆಡಿದ ಮಾತೇ ಲ್ಯಾಟಿನ್ನಿನಲ್ಲಿ ‘ಇಯಾಕ್ಟಾ ಆಲಿಯಾ ಎಸ್ಟ್’, ದಾಳ ಎಸೆದಾಗಿದೆ.

ನುಡಿಗಟ್ಟಿಗಿಂತ ಆ ಹಿಂದಿನ ವಾಕ್ಯವನ್ನೇ ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಂತು ಓದಿಸುತ್ತೇನೆ. ‘ಈಗಲೂ ಹಿಂದಿರುಗಬಹುದು’ ಎಂದು ತನ್ನ ಬಾಯಿಂದಲೇ ಹೇಳಿಕೊಂಡ ಮೇಲೂ ಮುಂದೆ ಹೋದವನು ಆಡಿದ ಮಾತಿದು, ದಾರಿ ಕಾಣದೆ ಕೈಚೆಲ್ಲಿ ಕೂತವನದ್ದಲ್ಲ. ಮುಂದೆ ಅಂತರ್ಯುದ್ಧವಾಯಿತು. ಕ್ರಿಸ್ತಪೂರ್ವ 48ರಲ್ಲಿ ಫಾರ್ಸಲಸ್‌ನಲ್ಲಿ ಎದುರಾಳಿ ಪಾಂಪೆ ಸೋತ. ಸೀಸರ್ ರೋಮಿನ ಒಡೆಯನಾದ. ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ಸೆನೆಟಿನ ಸಭೆಯಲ್ಲೇ ಅವನನ್ನು ಇರಿದು ಕೊಂದರು.

ಸೀಸರ್ ನಿಜವಾಗಿಯೂ ಹೀಗೆ ಹೇಳಿದನೇ?

ಸೀಸರ್ ತಾನೇ ಬರೆದ ಅಂತರ್ಯುದ್ಧದ ವೃತ್ತಾಂತದಲ್ಲಿ ಈ ಮಾತೂ ಇಲ್ಲ, ರೂಬಿಕಾನ್ ಎಂಬ ಹೆಸರೂ ಇಲ್ಲ. ನಮಗೆ ಇದು ಗೊತ್ತಾಗಿರುವುದು ನೂರಕ್ಕೂ ಹೆಚ್ಚು ವರ್ಷಗಳ ನಂತರ ಬರೆದ ಸ್ವೆಟೋನಿಯಸ್ ಮತ್ತು ಪ್ಲೂಟಾರ್ಕ್‌ರಿಂದ. ಸೀಸರ್ ಇದನ್ನು ಗ್ರೀಕ್ ಭಾಷೆಯಲ್ಲಿ ಹೇಳಿದ ಎನ್ನುತ್ತಾನೆ ಪ್ಲೂಟಾರ್ಕ್. ಮೆನಾಂಡರ್ ಎಂಬ ಗ್ರೀಕ್ ನಾಟಕಕಾರನಲ್ಲಿ ಆಗಲೇ ಇದ್ದ ಮಾತದು, ಅಂದರೆ ಸೀಸರ್ ಗಾದೆಯೊಂದನ್ನು ಸಮಯಕ್ಕೆ ಸರಿಯಾಗಿ ಬಳಸಿದ. ಗ್ರೀಕ್ ರೂಪದ ಅರ್ಥ ‘ದಾಳ ಎಸೆಯಲ್ಪಡಲಿ’ ಎಂದು. ಹದಿನಾರನೇ ಶತಮಾನದ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್ ರೂಪವನ್ನೂ ಹಾಗೇ ತಿದ್ದಬೇಕೆಂದು ಸೂಚಿಸಿದ್ದ. ಇಂಗ್ಲಿಷಿಗೆ ಬಂದು ನೆಲೆಸಿದ್ದು ಮಾತ್ರ ‘ಎಸೆದಾಗಿದೆ’.

ಇನ್ನೊಂದು ಸಂಗತಿ: ರೋಮಿನಲ್ಲಿ ಹಣ ಕಟ್ಟಿ ದಾಳವಾಡುವುದಕ್ಕೆ ಕಾನೂನಿನ ನಿಷೇಧವಿತ್ತು, ಸ್ಯಾಟರ್ನೇಲಿಯಾ ಹಬ್ಬದ ದಿನಗಳಲ್ಲಿ ಮಾತ್ರ ವಿನಾಯಿತಿ. ಕಾನೂನು ಮೀರುವ ಹೊತ್ತಿಗೆ ನಿಷಿದ್ಧ ಆಟದ ಪದವೇ ಬಾಯಿಗೆ ಬಂದದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಮಹಾಭಾರತದ ದ್ಯೂತಕ್ಕೂ ಇದಕ್ಕೂ ಸಂಬಂಧ ಇದೆಯಾ?

ನುಡಿಗಟ್ಟು ಅಲ್ಲಿಂದ ಬಂದದ್ದಲ್ಲ. ಆದರೆ ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಕನ್ನಡದವರಿಗೆ ಇನ್ನೊಂದಿಲ್ಲ. ಪಗಡೆ ಎಂದ ಕೂಡಲೇ ನಮಗೆ ಧರ್ಮರಾಯ, ಶಕುನಿ ಕಣ್ಣ ಮುಂದೆ ಬರುತ್ತಾರೆ. ಬಯಲಾಟ ನೋಡಿ ಬೆಳೆದವರಿಗಂತೂ ಸಭಾಪರ್ವದ ಕಥೆ ಬಾಯಿಪಾಠ.

ದ್ಯೂತ ನಡೆದದ್ದು ಎರಡು ಸಲ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಮೊದಲನೆಯದರಲ್ಲಿ ಧರ್ಮರಾಯ ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ. ಸಭೆಯಲ್ಲಿ ಆಗಬಾರದ್ದೆಲ್ಲ ಆಯಿತು. ಆಮೇಲೆ ಧೃತರಾಷ್ಟ್ರ ಹೆದರಿ ದ್ರೌಪದಿಗೆ ವರ ಕೊಟ್ಟು, ಎಲ್ಲರನ್ನೂ ಬಿಡಿಸಿ, ರಾಜ್ಯವನ್ನೂ ಹಿಂದಿರುಗಿಸಿದ. ಅಂದರೆ ಸೋತದ್ದೆಲ್ಲ ವಾಪಸು ಬಂತು. ಆದ ಅವಮಾನ ಅಳಿಯಲಿಲ್ಲ ನಿಜ, ಆದರೆ ಲೆಕ್ಕದ ಮಟ್ಟಿಗೆ ಆಟ ರದ್ದಾಯಿತು. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಮತ್ತೆ ಕರೆ ಬಂತು. ಈ ಸಲ ಪಣ ಒಂದೇ: ಸೋತವರಿಗೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಧರ್ಮರಾಯ ಬಂದು ಕೂತ, ದಾಳ ಬಿತ್ತು, ಸೋತ. ಅಲ್ಲಿಂದಾಚೆಗೆ ಹಿಂದಿರುಗುವ ದಾರಿ ಇರಲಿಲ್ಲ.

‘ದಿ ಡೈ ವಾಸ್ ಕಾಸ್ಟ್’ ಎಂದು ನಾನು ಬರೆಯುವುದಾದರೆ ಈ ಎರಡನೇ ಆಟಕ್ಕೆ ಬರೆಯುತ್ತೇನೆ. ಒಮ್ಮೆ ಸುಟ್ಟುಕೊಂಡವನು, ಬೇಡ ಎನ್ನಲು ಅವಕಾಶವಿದ್ದವನು, ಗೊತ್ತಿದ್ದೂ ಬಂದು ಕೂತ. ದೊಡ್ಡವರು ಕರೆದಾಗ ಬರಲಾರೆ ಎನ್ನುವುದು ಧರ್ಮವಲ್ಲ ಎಂಬುದು ಅವನ ಸಮಾಧಾನ. ವಿಧಿ ಎಳೆಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಎರಡನ್ನೂ ಒಪ್ಪಿಕೊಂಡರೂ ಹಾಸಿನ ಮುಂದೆ ಹೋಗಿ ಕೂತದ್ದು ಅವನೇ.

ನಮ್ಮ ಕಡೆಯ ಬದುಕಿನ ಉದಾಹರಣೆ ಕೊಡಿ.

ಭದ್ರಾ ನಾಲೆಯ ಕೊನೆಭಾಗದ ಊರುಗಳನ್ನು ತೆಗೆದುಕೊಳ್ಳಿ. ಬೇಸಿಗೆ ಬೆಳೆಗೆ ನೀರು ಬಿಡುವ ತೀರ್ಮಾನ ಅಚ್ಚುಕಟ್ಟಿನ ಸಲಹಾ ಸಮಿತಿ ಸಭೆಯಲ್ಲಿ ಆಗಬೇಕು. ಸಭೆಗೆ ಮೊದಲೇ ಭತ್ತದ ಮಡಿ ಹಾಕಿದವನು ಇನ್ನೂ ಸೇತುವೆ ದಾಟಿಲ್ಲ. ಹೋದರೆ ಸಸಿಯಷ್ಟೇ ಹೋದೀತು. ಗದ್ದೆ ಕೆಸರು ಮಾಡಿ, ಆಳು ಕರೆಸಿ ನಾಟಿ ಮುಗಿಸಿದ ದಿನ ದಾಳ ಕೈಬಿಟ್ಟಿತು. ಇನ್ನು ನೀರು ಕೊನೆಯ ತೂಬಿನವರೆಗೆ ಬಂದರೆ ಬದುಕು, ಬಾರದಿದ್ದರೆ ಸಾಲ.

ಕೊಳವೆಬಾವಿ ಕೊರೆಸುವುದು? ಜಗಳೂರು, ಚಳ್ಳಕೆರೆ ಕಡೆಯ ಮಕ್ಕಳು ಇದನ್ನೇ ಮೊದಲು ಹೇಳುತ್ತಾರೆ, ಯಾಕೆಂದರೆ ಮನೆಯ ಒಡವೆ ಅಡ ಹೋಗುವುದನ್ನು ಕಂಡಿರುತ್ತಾರೆ. ಅವರಿಗೆ ನನ್ನ ಉತ್ತರ: ಲಾರಿ ಬಂದು ಕೊರೆಯಲು ಶುರುವಾದ ಮೇಲೂ ದಾಳ ಪೂರ್ತಿ ಎಸೆದಂತಲ್ಲ. ಅಡಿಗಿಷ್ಟು ಎಂದು ದುಡ್ಡು. ಪುಡಿ ಧೂಳೇ ಬರುತ್ತಿದ್ದರೆ ‘ಸಾಕು, ನಿಲ್ಲಿಸಿ’ ಎನ್ನುವ ಅಧಿಕಾರ ಕೊನೆಯವರೆಗೂ ಅಪ್ಪನ ಕೈಯಲ್ಲೇ ಇರುತ್ತದೆ. ‘ಇನ್ನೊಂದು ನೂರಡಿ ನೋಡೋಣ’ ಎಂದು ಪ್ರತಿ ಸಲ ಹೇಳುವುದು ಪ್ರತಿ ಸಲವೂ ಹೊಸ ತೀರ್ಮಾನ. ಈಗಾಗಲೇ ಹಾಕಿದ ದುಡ್ಡು ಹಿಂದೆ ಬರುವುದಿಲ್ಲ ಎಂಬುದು ಬೇರೆ, ಮುಂದೆ ಹಾಕಲೇಬೇಕು ಎಂಬುದು ಬೇರೆ. ಇವೆರಡನ್ನು ಒಂದೇ ಎಂದುಕೊಂಡಾಗಲೇ ಮನೆಗಳು ಮುಳುಗುವುದು.

ವಿದ್ಯಾರ್ಥಿಗಳಿಗೆ ಹತ್ತಿರದ್ದು ಸಿಇಟಿ ಸೀಟು. ಕೊನೆಯ ದಿನದವರೆಗೆ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳ ಕ್ರಮವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸೀಟು ಹಂಚಿಕೆಯಾಗಿ, ಚಾಯ್ಸ್-1 ಒತ್ತಿ ಶುಲ್ಕ ಕಟ್ಟಿದಿರೋ, ಮುಂದಿನ ಸುತ್ತುಗಳಿಗೆ ನೀವಿಲ್ಲ. ಅಲ್ಲಿ ಈ ಮಾತು ಸರಿಯಾಗಿ ಕೂರುತ್ತದೆ. ಸೈಬರ್ ಸೆಂಟರಿನಲ್ಲಿ ಪಕ್ಕದವರು ಹೇಳಿದರೆಂದು ಒತ್ತಬೇಡಿ; ಮನೆಯಲ್ಲಿ ಕೂತು ನಿಯಮಗಳನ್ನು ಕನ್ನಡದಲ್ಲೇ ಓದಿ, ಆಮೇಲೆ ಒತ್ತಿ.

ಚುನಾವಣೆಯಲ್ಲೂ ಹೀಗೇ. ನಾಮಪತ್ರ ಸಲ್ಲಿಸಿದ ದಿನವಲ್ಲ, ಹಿಂಪಡೆಯುವ ಕೊನೆಯ ಗಳಿಗೆ ಮೀರಿದ ಮೇಲೆ ಅಭ್ಯರ್ಥಿಯ ದಾಳ ಬಿತ್ತು.

ಒನಕೆ ಓಬವ್ವನ ಕಥೆಗೆ ಈ ಮಾತು ಒಪ್ಪುತ್ತದೆಯೇ?

ಚಿತ್ರದುರ್ಗದ ಮಕ್ಕಳ ಪ್ರಶ್ನೆ ಇದು, ನನಗೆ ಬಹಳ ಪ್ರೀತಿಯದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದ ಓಬವ್ವ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಓಡಿಹೋಗಿ ಕೂಗಿಕೊಳ್ಳಬಹುದಿತ್ತು. ಮೊದಲ ತಲೆಯ ಮೇಲೆ ಒನಕೆ ಬಿದ್ದ ಮೇಲೆ ಆ ದಾರಿ ಮುಚ್ಚಿತು. ಇನ್ನು ಅಲ್ಲೇ ನಿಂತು ಒಬ್ಬೊಬ್ಬರನ್ನೇ ಎದುರಿಸಬೇಕು, ಕೊನೆಗೆ ತಾನೂ ಬೀಳಬಹುದು. ‘ವೆನ್ ಓಬವ್ವ ಸ್ಟ್ರಕ್ ದಿ ಫಸ್ಟ್ ಬ್ಲೋ, ದಿ ಡೈ ವಾಸ್ ಕಾಸ್ಟ್’ ಎಂದು ಧಾರಾಳವಾಗಿ ಬರೆಯಿರಿ. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು ನಿಜ. ಅದರಿಂದ ಆ ಕಿಂಡಿಯ ಬಳಿ ಆಕೆ ಮಾಡಿದ ನಿರ್ಧಾರದ ಎತ್ತರ ಕಡಿಮೆಯಾಗುವುದಿಲ್ಲ, ಮತ್ತು ಈ ನುಡಿಗಟ್ಟು ಗೆಲುವಿಗೂ ಸೋಲಿಗೂ ಸಮನಾಗಿ ಸಲ್ಲುತ್ತದೆ ಎಂಬುದಕ್ಕೂ ಇದೇ ಒಳ್ಳೆಯ ಸಾಕ್ಷಿ.

ವಾಕ್ಯದಲ್ಲಿ ಬಳಸುವಾಗ ಏನು ಗಮನಿಸಬೇಕು?

‘ಕಾಸ್ಟ್’ ಪದಕ್ಕೆ ಮೂರು ಕಾಲದಲ್ಲೂ ಒಂದೇ ರೂಪ. ‘ಕಾಸ್ಟೆಡ್’ ಎಂದು ಬರೆಯಬೇಡಿ. ಕಾಲ ತೋರಿಸುವುದು ಅದರ ಹಿಂದಿನ ಪದ: ಈಗಿನದಕ್ಕೆ ‘ಈಸ್’, ಕಥೆ ಹೇಳುವಾಗ ‘ವಾಸ್’. ‘ಎ ಡೈ’ ಅಲ್ಲ, ಯಾವಾಗಲೂ ‘ದಿ ಡೈ’. ‘ಒನ್ಸ್ ದಿ ಡೈ ವಾಸ್ ಕಾಸ್ಟ್, ಶೀ ನೆವರ್ ಲುಕ್ಡ್ ಬ್ಯಾಕ್’ ಎಂಬಂಥ ಜೋಡಣೆ ತುಂಬಾ ಸಹಜ. ಸಣ್ಣಪುಟ್ಟ ವಿಷಯಕ್ಕೆ ಬಳಸಿದರೆ ಮಾತು ಹಗುರವಾಗುತ್ತದೆ. ಬೆಣ್ಣೆ ದೋಸೆಗೆ ಆರ್ಡರ್ ಕೊಟ್ಟದ್ದಕ್ಕೆಲ್ಲ ಸೀಸರ್‌ನನ್ನು ಕರೆಯುವುದು ಬೇಡ.

ಇದೇ ಅರ್ಥದ ಬೇರೆ ಇಂಗ್ಲಿಷ್ ನುಡಿಗಟ್ಟುಗಳು ಯಾವುವು?

‘ಕ್ರಾಸ್ ದಿ ರೂಬಿಕಾನ್’ ಅದೇ ಘಟನೆಯ ಇನ್ನೊಂದು ಕೂಸು. ‘ಬರ್ನ್ ಯುವರ್ ಬೋಟ್ಸ್’, ಹಿಂದಿರುಗುವ ದೋಣಿಗಳನ್ನು ತಾನೇ ಸುಟ್ಟುಹಾಕುವುದು, ಇನ್ನೂ ಖಾರ. ‘ಸೀಲ್ ಒನ್ಸ್ ಫೇಟ್’ ಹತ್ತಿರದ್ದು, ಆದರೆ ಅದರಲ್ಲಿ ಕೆಡುಕಿನ ನೆರಳು ಹೆಚ್ಚು. ‘ಟ್ವಿಸ್ಟ್ ಆಫ್ ಫೇಟ್’ ಬೇರೆಯೇ, ಅದು ಯಾರೂ ಎಣಿಸದ ತಿರುವು. ‘ಟೆಂಪ್ಟ್ ಫೇಟ್’ ಎಂದರೆ ಸುಮ್ಮನಿದ್ದ ವಿಧಿಯನ್ನು ಕೆಣಕುವುದು. ಕಟಾವಿಗೆ ಮೊದಲೇ ಇಷ್ಟು ಕ್ವಿಂಟಲ್ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಬೇಡ ಎಂದು ಅಜ್ಜಿಯರು ಗದರುವುದು ಇದಕ್ಕೇ. ‘ದಿ ರೈಟಿಂಗ್ ಆನ್ ದಿ ವಾಲ್’ ಬೈಬಲ್ಲಿನ ದಾನಿಯೇಲನ ಕಥೆಯದು. ಬ್ಯಾಬಿಲೋನಿನ ಬೇಲ್ಶಚ್ಚರನ ಅರಮನೆಯ ಗೋಡೆಯ ಮೇಲೆ ಮೂಡಿದ ಬರಹ, ಅಂದರೆ ಬರಲಿರುವ ಕೇಡಿನ ಮುನ್ಸೂಚನೆ. ಅದನ್ನು ಮೈಲಾರದ ಕಾರ್ಣಿಕದ ಪಕ್ಕದಲ್ಲಿಟ್ಟು ನೋಡಬಹುದು. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನಲ್ಲಿ ಒಳಿತೂ ಇರಬಹುದು, ಗೋಡೆಯ ಬರಹದಲ್ಲಿ ಕೇಡು ಮಾತ್ರ.

ಕನ್ನಡದಲ್ಲಿ ಇದಕ್ಕೆ ಸಮನಾದ ಮಾತು ಯಾವುದು?

ಪರೀಕ್ಷೆಯಲ್ಲಿ ‘ಇಟ್ಟ ಹೆಜ್ಜೆ ಹಿಂತೆಗೆಯುವಂತಿಲ್ಲ’ ಅಥವಾ ‘ಬಿಟ್ಟ ಬಾಣ’ ಎಂದು ಬರೆಯಿರಿ, ಅಂಕ ಸಿಗುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯಲ್ಲಿ ಹಿಂದಿರುಗದಿರುವಿಕೆ ಇದೆ, ಆದರೆ ಮುಂದೇನು ಎಂಬ ಕುತೂಹಲವಿಲ್ಲ. ಪತ್ರಿಕೆಗಳು ‘ದಾಳ ಉರುಳಿಸಿದ ಪಕ್ಷ’ ಎಂದು ಬರೆಯುವುದು ಬೇರೆ ಅರ್ಥದಲ್ಲಿ, ಅದು ತಂತ್ರ ಹೂಡಿದ್ದು.

ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ ಬಳಸಬಹುದೇ?

ಬೇಡ. ಅರ್ಥವೂ ಹೊಂದುವುದಿಲ್ಲ, ‘ಡೈ’ ಎಂಬ ಸದ್ದು ನೊಂದವರ ಕಿವಿಗೆ ಬೇರೆ ರೀತಿಯೇ ಬೀಳುತ್ತದೆ.

ಮನೆಯಲ್ಲಿ ನನ್ನ ಮದುವೆ ಗೊತ್ತು ಮಾಡಿದ್ದಾರೆ. ‘ದಿ ಡೈ ಈಸ್ ಕಾಸ್ಟ್’ ಅನ್ನಬಹುದಾ ಸರ್?

ಇದನ್ನು ಹೆಣ್ಣುಮಕ್ಕಳು ತರಗತಿ ಮುಗಿದ ಮೇಲೆ, ಉಳಿದವರು ಹೊರಗೆ ಹೋದ ಮೇಲೆ ಕೇಳುತ್ತಾರೆ. ವ್ಯಾಕರಣದ ಪ್ರಶ್ನೆಯ ವೇಷದಲ್ಲಿ ಬರುವ ಬೇರೆ ಪ್ರಶ್ನೆ ಇದು. ಹಾಗಾಗಿ ಎರಡಕ್ಕೂ ಉತ್ತರ ಕೊಡುತ್ತೇನೆ.

ಈ ವಾಕ್ಯ ಕರ್ಮಣಿ ಪ್ರಯೋಗದಲ್ಲಿದೆ. ದಾಳ ಎಸೆದಾಗಿದೆ ಎನ್ನುತ್ತದೆಯೇ ಹೊರತು ಯಾರು ಎಸೆದರು ಎಂದು ಹೇಳುವುದಿಲ್ಲ. ನಿನ್ನ ಕೈಯಲ್ಲಿ ದಾಳವನ್ನೇ ಕೊಡದೆ, ನಿನ್ನ ಪರವಾಗಿ ಇನ್ನೊಬ್ಬರು ಎಸೆದು ‘ಆಗಿಹೋಯಿತು’ ಎಂದರೆ ಆ ಮಾತನ್ನು ಸುಲಭಕ್ಕೆ ಒಪ್ಪಬೇಡ. ನಿಶ್ಚಿತಾರ್ಥ ಮುರಿಯಬಹುದು. ಅಚ್ಚಾದ ಲಗ್ನಪತ್ರಿಕೆ ನಿಲ್ಲಿಸಬಹುದು. ಖರ್ಚಾಯಿತು, ನಾಲ್ಕು ಜನ ಏನಂದಾರು ಎಂಬುದು ಕಷ್ಟವೇ, ಆದರೆ ಹಿಂದಿರುಗಲಾರದ ಸೇತುವೆ ಅದಲ್ಲ. ನಿನಗೆ ಮದುವೆ ಇಷ್ಟವಿದ್ದು, ನೀನೇ ಒಪ್ಪಿ, ಸಂತೋಷದಿಂದ ಈ ಮಾತು ಆಡುವುದಾದರೆ ನನ್ನ ಆಶೀರ್ವಾದವಿದೆ, ವಾಕ್ಯವೂ ಸರಿಯಿದೆ.

ವಯಸ್ಸು ಹದಿನೆಂಟು ತುಂಬಿಲ್ಲವಾದರೆ ವಿಷಯವೇ ಬೇರೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ತಾಳಿ ಬಿದ್ದ ಮೇಲೂ ಕಾನೂನಿನ ಕಣ್ಣಲ್ಲಿ ಮದುವೆ ನಡೆದೇ ಇಲ್ಲ. ಮಕ್ಕಳ ಸಹಾಯವಾಣಿ 1098. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ. ಗೆಳತಿಯ ಪರವಾಗಿ ನೀನು ಮಾಡಿದರೂ ನಡೆಯುತ್ತದೆ. ಊರು, ತಾಲ್ಲೂಕು, ಮದುವೆಯ ದಿನ, ನಡೆಯುವ ಜಾಗ ಇಷ್ಟು ಹೇಳಿದರೆ ಸಾಕು. ಫೋನ್ ಸಿಗದಿದ್ದರೆ ಅಂಗನವಾಡಿಯಲ್ಲಿ ಹೇಳು, ಇಲ್ಲವೇ ನಿನಗೆ ನಂಬಿಕೆಯಿರುವ ಶಿಕ್ಷಕರಿಗೆ ಹೇಳು.